ಶಕ್ತಿತಸ್ತಪ: ಗರ್ಭದ ಮೊದಲ ಹನ್ನೆರಡು ವಾರಗಳಲ್ಲಿ ವ್ರತ ಮತ್ತು ಆರೋಗ್ಯ

ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವೆಂದು ಆಗಮವು ಹೇಳುವ ಷೋಡಶ ಭಾವನೆಗಳಲ್ಲಿ ಏಳನೆಯದು ‘ಶಕ್ತಿತಸ್ತಪ’. ಆಚಾರ್ಯರು ಬರಿದೆ ತಪಸ್ಸೆಂದು ಹೇಳಿ ಬಿಡಲಿಲ್ಲ; ಅದಕ್ಕೆ ಮುಂಚೆ ‘ಶಕ್ತಿತಃ’ ಎಂಬ ಪದವನ್ನು ಇರಿಸಿದರು. ಇರುವ ಶಕ್ತಿಯನ್ನು ಬಚ್ಚಿಡಬಾರದು. ಇಲ್ಲದ ಶಕ್ತಿಯನ್ನು ಇದೆಯೆಂದು ತೋರಿಸಿಕೊಳ್ಳಲೂಬಾರದು ಎಂಬುದು ಇದರ ತಾತ್ಪರ್ಯ. ಮೊದಲನೆಯದರಲ್ಲಿ ಪ್ರಮಾದವಿದೆ, ಎರಡನೆಯದರಲ್ಲಿ ಮಾನಕಷಾಯವಿದೆ. ಈ ಎರಡು ದೋಷಗಳ ನಡುವೆ ನಡೆಯುವುದೇ ವ್ರತಿಕರ ವಿವೇಕ.

ಈ ವಿವೇಕವು ಅತ್ಯಂತ ಅಗತ್ಯವಾಗುವ ಸಂದರ್ಭವೊಂದನ್ನು ಈ ಪಾಠದಲ್ಲಿ ವಿಚಾರಿಸೋಣ. ಅದು ಹೊಸದಾಗಿ ಗರ್ಭ ಧರಿಸಿದ ಶ್ರಾವಿಕೆಯ ಉಪವಾಸ, ನೋಂಪಿ ಮತ್ತು ಆಹಾರನಿಯಮಗಳ ವಿಷಯ. ಏಳೆಂಟು ತಿಂಗಳ ಗರ್ಭಿಣಿಯನ್ನು ಯಾರೂ ಉಪವಾಸ ಮಾಡೆಂದು ಹೇಳುವುದಿಲ್ಲ; ಅವಳ ಸ್ಥಿತಿ ಕಣ್ಣಿಗೆ ಕಾಣುತ್ತದೆ. ಆದರೆ ಮೊದಲ ವಾರಗಳಲ್ಲಿ ಏನೂ ಕಾಣುವುದಿಲ್ಲ. ಕೆಲವೊಮ್ಮೆ ಅವಳಿಗೇ ತಿಳಿದಿರುವುದಿಲ್ಲ. ಹಾಗೆ ಕಾಣದಿರುವ ದಿನಗಳಲ್ಲಿಯೇ ರಕ್ಷಣೆ ಹೆಚ್ಚು ಬೇಕಾಗಿರುತ್ತದೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ

ವೈಶಾಖದಲ್ಲಿ ಮದುವೆಯಾಗಿ ಬಂದ ಸೊಸೆ. ತವರಿನಲ್ಲಿದ್ದಾಗಲೇ ದಶಲಕ್ಷಣ ನೋಂಪಿಯನ್ನು ಹಿಡಿದಿದ್ದಾಳೆ. ಹತ್ತು ವರ್ಷದ ವ್ರತದಲ್ಲಿ ಇದು ಮೂರನೆಯ ವರ್ಷ. ಭಾದ್ರಪದ ಶುಕ್ಲ ಪಂಚಮಿ ಬಂದಿತು. ಅವಳ ತಿಂಗಳ ದಿನ ತಪ್ಪಿ ಐದಾರು ದಿನಗಳಾಗಿವೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ರೂಢಿಯನ್ನು ಅವಳು ಕೇಳಿ ಬಲ್ಲಳು. ಅತ್ತೆಯವರು ಉಪವಾಸ ಮಾಡುತ್ತಿದ್ದಾರೆ, ನಾದಿನಿಯೂ ಮಾಡುತ್ತಿದ್ದಾಳೆ. ತಾನೊಬ್ಬಳೇ ಹಿಂದೆ ಸರಿದರೆ ಧರ್ಮಶ್ರದ್ಧೆ ಇಲ್ಲದವಳೆಂದು ತಿಳಿದಾರು ಎಂಬ ಅಂಜಿಕೆಯಿಂದ ಅವಳೂ ಸಂಕಲ್ಪ ಮಾಡುತ್ತಾಳೆ. ಎರಡನೆಯ ದಿನಕ್ಕೆ ವಾಂತಿ, ತಲೆಸುತ್ತು. ಅದನ್ನೂ ಮರೆಮಾಡುತ್ತಾಳೆ.

ಇಲ್ಲಿ ಯಾರದೂ ಕೆಟ್ಟ ಉದ್ದೇಶವಿಲ್ಲ. ಅತ್ತೆಯವರಿಗೆ ವಿಷಯ ತಿಳಿದಿದ್ದರೆ ಅವರೇ ಮೊದಲು ತಡೆಯುತ್ತಿದ್ದರು. ಆದರೂ ಒಂದು ಹೆಣ್ಣುಮಗಳು ಒಂಟಿಯಾಗಿ ಕಷ್ಟಪಡುತ್ತಿದ್ದಾಳೆ. ಇದಕ್ಕೆ ಕಾರಣ ಎರಡು: ಗರ್ಭದ ಆರಂಭದ ವಿಷಯದಲ್ಲಿ ನಮಗಿರುವ ಅಜ್ಞಾನ, ಮತ್ತು ತಪಸ್ಸೆಂದರೆ ಉಪವಾಸವೊಂದೇ ಎಂಬ ತಪ್ಪು ತಿಳುವಳಿಕೆ.

ಗರ್ಭಸ್ಥ ಜೀವ: ಆಗಮದ ದೃಷ್ಟಿ

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಜನ್ಮವು ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಮೂರು ವಿಧವೆಂದು ಹೇಳಿದೆ. ಮಾತೆಯ ಉದರದಲ್ಲಿ ಉದಯಿಸುವ ಮನುಷ್ಯರು ಗರ್ಭಜನ್ಮದವರು, ಅದರಲ್ಲಿಯೂ ಜರಾಯುಜರು. ಜೀವವು ಹೊಸ ಯೋನಿಸ್ಥಾನವನ್ನು ಸೇರಿದೊಡನೆ ಪರ್ಯಾಪ್ತಿಗಳು ಆರಂಭವಾಗುತ್ತವೆ. ಆಹಾರ, ಶರೀರ, ಇಂದ್ರಿಯ, ಶ್ವಾಸೋಚ್ಛ್ವಾಸ, ಭಾಷೆ, ಮನಸ್ಸು ಎಂಬ ಆರರಲ್ಲಿ ಮೊದಲನೆಯದು ಆಹಾರ ಪರ್ಯಾಪ್ತಿ ಎಂಬುದನ್ನು ಗಮನಿಸಬೇಕು.

ಪಂಚಕಲ್ಯಾಣಗಳಲ್ಲಿಯೂ ಮೊದಲನೆಯದು ಜನ್ಮಕಲ್ಯಾಣವಲ್ಲ, ಗರ್ಭಕಲ್ಯಾಣ. ಭಗವಾನ್ ಮಹಾವೀರರ ಗರ್ಭಕಲ್ಯಾಣವನ್ನು ಆಷಾಢ ಶುಕ್ಲ ಷಷ್ಠಿಯಂದು ಆಚರಿಸುತ್ತೇವೆ. ಹದಿನಾರು ಸ್ವಪ್ನಗಳನ್ನು ಕಂಡ ಜಿನಮಾತೆಯನ್ನು ಶ್ರೀ, ಹ್ರೀ, ಧೃತಿ, ಕೀರ್ತಿ, ಬುದ್ಧಿ, ಲಕ್ಷ್ಮಿ ಎಂಬ ದೇವಿಯರು ಸೇವಿಸಿದರೆಂದು ಪುರಾಣಗಳು ವರ್ಣಿಸುತ್ತವೆ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳಿದ ಗರ್ಭಾನ್ವಯ ಕ್ರಿಯೆಗಳಲ್ಲಿ ಆಧಾನದ ನಂತರ ಮೂರನೆಯ ತಿಂಗಳಲ್ಲಿ ಪ್ರೀತಿ, ಐದರಲ್ಲಿ ಸುಪ್ರೀತಿ, ಏಳರಲ್ಲಿ ಧೃತಿ, ಒಂಬತ್ತರಲ್ಲಿ ಮೋದ ಎಂಬ ಕ್ರಿಯೆಗಳು ಬರುತ್ತವೆ. ಈ ಹೆಸರುಗಳೆಲ್ಲ ಸಂತೋಷವನ್ನೂ ಧೈರ್ಯವನ್ನೂ ಸೂಚಿಸುವಂಥವು. ಗರ್ಭವತಿಯನ್ನು ಸೇವಿಸಬೇಕು, ಸಂತೋಷವಾಗಿ ಇರಿಸಬೇಕು ಎಂಬುದೇ ನಮ್ಮ ಪರಂಪರೆಯ ಹೃದಯ.

ಪ್ರಮಾದದಿಂದ ಪ್ರಾಣಗಳಿಗೆ ಘಾತವುಂಟುಮಾಡುವುದೇ ಹಿಂಸೆ ಎಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಅಭಿಪ್ರಾಯ. ನೀರಿನಲ್ಲಿರುವ, ಕಣ್ಣಿಗೆ ಕಾಣದ ತ್ರಸಜೀವಗಳಿಗಾಗಿ ನೀರನ್ನು ಸೋಸಿ ಕುಡಿಯುವ ನಾವು, ನಮ್ಮ ಮನೆಯಲ್ಲಿಯೇ ಉದಯಿಸಿದ ಪಂಚೇಂದ್ರಿಯ ಜೀವದ ವಿಷಯದಲ್ಲಿ ಪ್ರಮಾದಿಗಳಾಗಬಹುದೆ?

ಮೊದಲ ವಾರಗಳಲ್ಲಿ ನಡೆಯುವುದೇನು?

ವೈದ್ಯರು ಗರ್ಭದ ಕಾಲವನ್ನು ಕೊನೆಯ ಋತುಸ್ರಾವದ ಮೊದಲ ದಿನದಿಂದ ಎಣಿಸುತ್ತಾರೆ; ಒಟ್ಟು ೪೦ ವಾರ, ಅಂದರೆ ೨೮೦ ದಿನ. ಆದುದರಿಂದ ತಿಂಗಳ ದಿನ ತಪ್ಪಿದ ಕೂಡಲೇ ಲೆಕ್ಕದಲ್ಲಿ ನಾಲ್ಕು ವಾರ ಕಳೆದಿರುತ್ತದೆ. ಗರ್ಭ ನಿಂತ ದಿನದಿಂದ ಎಣಿಸಿದರೆ ಸುಮಾರು ೨೨ನೆಯ ದಿನಕ್ಕೆ ಶಿಶುವಿನ ಹೃದಯದ ಮಿಡಿತ ಆರಂಭವಾಗುತ್ತದೆ. ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳವು ಸುಮಾರು ೨೮ನೆಯ ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಎಂಟು ವಾರಗಳೊಳಗೆ ಮುಖ್ಯ ಅವಯವಗಳೆಲ್ಲ ರೂಪುಗೊಳ್ಳುತ್ತವೆ.

ಇದರ ಅರ್ಥವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ತಿಂಗಳ ದಿನ ತಪ್ಪಿ ಎರಡು ವಾರ ಕಳೆಯುವಷ್ಟರಲ್ಲಿ ನರನಾಳವು ಮುಚ್ಚಿ ಆಗಿರುತ್ತದೆ. ಸುದ್ದಿಯನ್ನು ಮನೆಯವರಿಗೆ ಹೇಳುವ ಮೂರನೆಯ ತಿಂಗಳಿಗೆ ಅವಯವ ರಚನೆಯ ಬಹುಭಾಗ ಮುಗಿದಿರುತ್ತದೆ. ‘ಗಟ್ಟಿಯಾದ ಮೇಲೆ ನೋಡಿಕೊಳ್ಳೋಣ’ ಎಂಬ ಮಾತು ಆದಕಾರಣ ಹಿತವಲ್ಲ.

ಫೋಲಿಕ್ ಆಮ್ಲ ಮತ್ತು ಚಾತುರ್ಮಾಸ್ಯದ ಸೊಪ್ಪು

ನರನಾಳವು ಸರಿಯಾಗಿ ಮುಚ್ಚಿಕೊಳ್ಳಲು ಫೋಲಿಕ್ ಆಮ್ಲವೆಂಬ ಜೀವಸತ್ವ ಬೇಕು. ಇದರ ಶೋಧನೆಯ ಕಥೆ ನಮ್ಮ ದೇಶದಲ್ಲಿಯೇ ಆರಂಭವಾಯಿತು. ೧೯೨೮ರಲ್ಲಿ ಇಂಗ್ಲೆಂಡಿನಿಂದ ಮುಂಬಯಿಗೆ ಬಂದ ವೈದ್ಯೆ ಲೂಸಿ ವಿಲ್ಸ್ ಅವರು ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಅಭ್ಯಸಿಸಿದರು. ಅದು ಯೀಸ್ಟಿನ ಸಾರದಿಂದ ಗುಣವಾಗುವುದೆಂದು ೧೯೩೧ರಲ್ಲಿ ಪ್ರಕಟಿಸಿದರು. ೧೯೪೧ರಲ್ಲಿ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಈ ಸತ್ವವನ್ನು ಬೇರ್ಪಡಿಸಿ, ‘ಎಲೆ’ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಹೆಸರಿಟ್ಟರು. ಹಿಂದೆ ನರನಾಳದ ದೋಷವುಳ್ಳ ಶಿಶುವನ್ನು ಹೆತ್ತಿದ್ದ ತಾಯಂದಿರಿಗೆ ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲ ಕೊಟ್ಟರೆ ಆ ದೋಷ ಮರುಕಳಿಸುವುದು ಶೇಕಡಾ ೭೨ರಷ್ಟು ಕಡಮೆಯಾಗುವುದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ೧೯೯೧ರಲ್ಲಿ ತೋರಿಸಿಕೊಟ್ಟಿತು.

ನಮ್ಮ ಮನೆಗಳಿಗೆ ಇದರಲ್ಲಿ ವಿಶೇಷ ಪಾಠವಿದೆ. ಮಳೆಗಾಲದಲ್ಲಿ ಎಲೆಗಳಲ್ಲಿ ತ್ರಸಜೀವಗಳು ಹೆಚ್ಚುವುದರಿಂದ ಚಾತುರ್ಮಾಸ್ಯದಲ್ಲಿ ಸೊಪ್ಪನ್ನು ತ್ಯಜಿಸುವ ನಿಯಮವನ್ನು ಅನೇಕ ಶ್ರಾವಕರು ಪಾಲಿಸುತ್ತಾರೆ. ಆ ನಿಯಮವನ್ನು ಬಿಡಬೇಕೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಎಲೆಯಿಂದ ಬರುತ್ತಿದ್ದ ಸತ್ವಕ್ಕೆ ಬೇರೆ ದಾರಿಯನ್ನು ಮಾಡಿಕೊಳ್ಳಲೇಬೇಕು. ಹೆಸರುಕಾಳು, ಕಡಲೆಕಾಳು, ಅಲಸಂದೆ, ತೊಗರಿಬೇಳೆ, ಬೆಂಡೆಕಾಯಿ, ಕಿತ್ತಳೆ ಇವುಗಳಲ್ಲಿ ಫೋಲೇಟ್ ಇದೆ. ಕಾಳನ್ನು ಮೊಳಕೆ ಬರಿಸದೆ ಬೇಯಿಸಿಯೂ ಬಳಸಬಹುದು. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಉಪಯೋಗಿಸಬೇಕು, ಏಕೆಂದರೆ ಈ ಸತ್ವವು ನೀರಿಗೆ ಇಳಿದುಬಿಡುತ್ತದೆ. ಕಂದಮೂಲಗಳ ತ್ಯಾಗದಿಂದ ಗರ್ಭಿಣಿಗೆ ಯಾವ ಕೊರತೆಯೂ ಆಗಬೇಕಾಗಿಲ್ಲ. ಅವುಗಳಲ್ಲಿರುವುದನ್ನು ಧಾನ್ಯ, ಕಾಳು, ತರಕಾರಿ, ಹಣ್ಣುಗಳಿಂದ ಪಡೆಯಬಹುದು.

ಆದರೂ ಆಹಾರವೊಂದನ್ನೇ ನಂಬಿ ಕುಳಿತುಕೊಳ್ಳಬಾರದು. ದಿನಕ್ಕೆ ೪೦೦ ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಕ್ಕೆ ಕಡೇಪಕ್ಷ ಒಂದು ತಿಂಗಳು ಮುಂಚಿನಿಂದ ಹನ್ನೆರಡನೆಯ ವಾರದವರೆಗೆ ತೆಗೆದುಕೊಳ್ಳಬೇಕೆಂಬುದು ವೈದ್ಯರ ಸಾಮಾನ್ಯ ಸಲಹೆ. ಹಿಂದಿನ ಶಿಶುವಿಗೆ ನರನಾಳದ ದೋಷವಿದ್ದವರು, ಸಕ್ಕರೆ ಕಾಯಿಲೆಯವರು, ಮೂರ್ಛೆರೋಗಕ್ಕೆ ಔಷಧ ಸೇವಿಸುವವರು ಇವರಿಗೆ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಅದನ್ನು ವೈದ್ಯರೇ ನಿರ್ಧರಿಸಬೇಕು. ಸಂತಾನವನ್ನು ಬಯಸುವ ನವವಧುವು ಮಾತ್ರೆಯನ್ನು ಭಾದ್ರಪದಕ್ಕೆ ಮುಂಚೆಯೇ ಆರಂಭಿಸಿದ್ದರೆ, ಅರಿಯದೆ ಗರ್ಭ ನಿಂತರೂ ಆ ಜೀವಕ್ಕೆ ರಕ್ಷಣೆ ದೊರೆತಿರುತ್ತದೆ.

ಉಪವಾಸ ಮತ್ತು ಏಕಭುಕ್ತ

ಉತ್ತಮ ಪ್ರೋಷಧೋಪವಾಸವು ಹದಿನಾರು ಪ್ರಹರಗಳದು. ಸಪ್ತಮಿಯ ಮಧ್ಯಾಹ್ನದ ಏಕಭುಕ್ತದಿಂದ ನವಮಿಯ ಮಧ್ಯಾಹ್ನದ ಪಾರಣೆಯವರೆಗೆ ೪೮ ಗಂಟೆಗಳಾಗುತ್ತವೆ. ಆರೋಗ್ಯವಂತರಿಗೆ ಇದು ಸಾಧ್ಯ. ಆದರೆ ಗರ್ಭಿಣಿಯ ದೇಹವು ಬೇರೆಯ ರೀತಿಯದು. ಆಹಾರವಿಲ್ಲದಿದ್ದಾಗ ಅವಳ ರಕ್ತದಲ್ಲಿಯ ಸಕ್ಕರೆ ಇತರರಿಗಿಂತ ಬೇಗನೆ ಇಳಿಯುತ್ತದೆ. ದೇಹವು ಕೊಬ್ಬನ್ನು ಕರಗಿಸತೊಡಗಿ ಕೀಟೋನ್ ಎಂಬ ಪದಾರ್ಥಗಳು ಬೇಗ ಹೆಚ್ಚುತ್ತವೆ. ಗರ್ಭ ಬೆಳೆದಂತೆ ಈ ಸ್ವಭಾವ ಇನ್ನೂ ಹೆಚ್ಚಾಗುತ್ತದೆ. ಮೊದಲ ತಿಂಗಳುಗಳಲ್ಲಿ ಬಾಧಿಸುವ ಓಕರಿಕೆಯಾದರೋ ಹೊಟ್ಟೆ ಬರಿದಾದಷ್ಟೂ ಕೆರಳುತ್ತದೆ. ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ಆರಂಭವಾಗುವ ಈ ಓಕರಿಕೆ ಹದಿಮೂರು ಹದಿನಾಲ್ಕನೆಯ ವಾರದ ಹೊತ್ತಿಗೆ ಬಹುಮಂದಿಗೆ ಇಳಿಯುತ್ತದೆ. ಅದಕ್ಕೆ ಔಷಧವೆಂದರೆ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುವುದು. ಹೀಗಿರುವಾಗ ನಿರ್ಜಲ ಉಪವಾಸವಾಗಲಿ, ದಿನಕ್ಕೊಂದೇ ಊಟದ ಏಕಭುಕ್ತವಾಗಲಿ ಅವಳಿಗೆ ತಕ್ಕುದಲ್ಲ.

ಏಕಭುಕ್ತದಲ್ಲಿ ಮತ್ತೊಂದು ತೊಡಕೂ ಇದೆ. ದ್ವಿದಳ ದೋಷವನ್ನು ಪಾಲಿಸುವ ಮನೆಗಳಲ್ಲಿ ಕಾಳು ಬೇಳೆಗಳೊಡನೆ ಮೊಸರನ್ನು ಸೇರಿಸುವುದಿಲ್ಲ. ದಿನಕ್ಕೆ ಒಂದೇ ಊಟವಾದರೆ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಗರ್ಭಿಣಿಗೆ ಎರಡೂ ಬೇಕು. ಮಧ್ಯಾಹ್ನ ಬೇಳೆಯ ಊಟ, ಬೇರೆ ಹೊತ್ತಿನಲ್ಲಿ ಹಾಲು ಅಥವಾ ಮೊಸರನ್ನ ಎಂದು ವಿಂಗಡಿಸಿಕೊಂಡರೆ ಆಚಾರವೂ ಉಳಿಯುತ್ತದೆ, ಪೋಷಣೆಯೂ ದೊರೆಯುತ್ತದೆ.

ಗರ್ಭವಿರುವುದನ್ನು ಅರಿಯದೆ ಒಂದೆರಡು ಉಪವಾಸ ಮಾಡಿದ ಸಹೋದರಿಯರು ಭಯಪಡಬೇಕಾಗಿಲ್ಲ. ಆರೋಗ್ಯವಂತೆಯ ಒಂದು ದಿನದ ಉಪವಾಸದಿಂದಲೇ ಗರ್ಭಕ್ಕೆ ಕೇಡಾಯಿತೆಂದು ಹೇಳಲು ಆಧಾರವಿಲ್ಲ. ತಿಳಿದ ಕ್ಷಣದಿಂದ ಎಚ್ಚರ ವಹಿಸಿದರೆ ಸಾಕು. ಮುಂದಿನ ಪರ್ವಗಳಲ್ಲಿ ದೀರ್ಘ ಉಪವಾಸದ ಸಂಕಲ್ಪ ಮಾಡುವ ಮೊದಲು ತಿಂಗಳ ದಿನ ತಪ್ಪಿದೆಯೇ ಎಂದು ನೋಡಿಕೊಳ್ಳುವುದು, ತಪ್ಪಿದ್ದರೆ ಮೂತ್ರಪರೀಕ್ಷೆ ಮಾಡಿಸಿಕೊಳ್ಳುವುದು ವಿವಾಹಿತ ಸ್ತ್ರೀಯರಿಗೆ ಉತ್ತಮ ಕ್ರಮ.

ರಾತ್ರಿಭೋಜನ ತ್ಯಾಗ

ರಾತ್ರಿಭೋಜನ ತ್ಯಾಗವು ಶ್ರಾವಕನ ಮೂಲ ಆಚಾರಗಳಲ್ಲಿ ಒಂದು. ಗರ್ಭಿಣಿಯೂ ಅದನ್ನು ಪಾಲಿಸಬಹುದು, ಆದರೆ ಯೋಜನೆ ಬೇಕು. ಚಳಿಗಾಲದಲ್ಲಿ ನಮ್ಮ ನಾಡಿನಲ್ಲಿ ಸಂಜೆ ಆರು ಗಂಟೆಯೊಳಗೆ ಸೂರ್ಯಾಸ್ತ, ಬೆಳಿಗ್ಗೆ ಆರೂವರೆಯ ಸುಮಾರಿಗೆ ಸೂರ್ಯೋದಯ. ಎರಡೂ ಕಡೆ ಎರಡೆರಡು ಘಳಿಗೆ, ಅಂದರೆ ೪೮ ನಿಮಿಷಗಳನ್ನು ಬಿಡುವವರಿಗೆ ಆಹಾರವಿಲ್ಲದ ಅವಧಿ ಹದಿನಾಲ್ಕು ಗಂಟೆಗಳಾಗುತ್ತದೆ. ಗರ್ಭಿಣಿಯು ಈ ಹೆಚ್ಚಿನ ಘಳಿಗೆಗಳ ನಿಯಮವನ್ನು ಸಡಿಲಿಸಿಕೊಂಡು, ಸೂರ್ಯಾಸ್ತಕ್ಕೆ ಸ್ವಲ್ಪ ಮುಂಚೆ ಹೊಟ್ಟೆಯಲ್ಲಿ ನಿಲ್ಲುವ ಊಟವನ್ನು ಮಾಡಬೇಕು. ರಾಗಿ ಇಲ್ಲವೆ ಗೋಧಿಯ ಪದಾರ್ಥ, ಬೇಳೆ, ತುಪ್ಪ, ಕಡೆಯಲ್ಲಿ ಹಣ್ಣು ಇರಲಿ. ಹಗಲಿನಲ್ಲಿ ಸಾಕಷ್ಟು ನೀರು ಕುಡಿದಿರಬೇಕು. ಬೆಳಿಗ್ಗೆ ಸೂರ್ಯೋದಯವಾದ ಕೂಡಲೇ, ಮನೆಗೆಲಸಕ್ಕೆ ಮುಂಚೆ, ಅರಳು ಅಥವಾ ಒಣ ರೊಟ್ಟಿಯಂತಹ ಹಗುರವಾದುದನ್ನು ತಿನ್ನಬೇಕು. ಒಣಶುಂಠಿಯ ಕಷಾಯವು ಓಕರಿಕೆಯನ್ನು ಇಳಿಸಬಲ್ಲುದು. ಹಸಿಶುಂಠಿಯನ್ನು ಬಳಸದ ಮನೆಗಳಲ್ಲಿಯೂ ಒಣಶುಂಠಿ ಬಳಕೆಯಲ್ಲಿದೆ. ಅದಕ್ಕೆ ಜೇನು ಬೇಕಿಲ್ಲ, ಬೆಲ್ಲ ಸಾಕು.

ಹಗಲೆಲ್ಲ ವಾಂತಿಯಾಗಿ ಏನೂ ಉಳಿಯದಿದ್ದ ದಿನ, ಸಂಜೆಯ ಮೇಲೆ ಸ್ವಲ್ಪ ತಡೆಯುವಂತಾದರೆ ಆಗ ನೀರು, ಹಾಲು, ಔಷಧಗಳನ್ನು ಕೊಡದೆ ಇರುವುದು ವಿವೇಕವಲ್ಲ. ನೀರು ಮತ್ತು ಔಷಧದ ವಿನಾಯಿತಿಯನ್ನು ಇಟ್ಟುಕೊಂಡೇ ಈ ನಿಯಮವನ್ನು ಹಿಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಗರ್ಭಿಣಿಯೂ ಗುರುಗಳನ್ನು ಕೇಳಿ ಅಂತಹ ವಿನಾಯಿತಿಯನ್ನು ಮೊದಲೇ ಪಡೆದಿರುವುದು ಲೇಸು.

ರಸತ್ಯಾಗ, ಹಾಲು ಮತ್ತು ಉಪ್ಪು

ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹೆಚ್ಚನ್ನೋ ಬಿಡುವುದು ರಸಪರಿತ್ಯಾಗ. ಗರ್ಭಿಣಿಗೆ ಇವುಗಳಲ್ಲಿ ಎರಡರ ತ್ಯಾಗ ಹಿತವಲ್ಲ. ಮಾಂಸ ಮೊಟ್ಟೆಗಳನ್ನು ಮುಟ್ಟದ ನಮಗೆ ಬಿ-೧೨ ಜೀವಸತ್ವವು ಆಹಾರದಲ್ಲಿ ಮುಖ್ಯವಾಗಿ ಹಾಲು ಮೊಸರುಗಳಿಂದಲೇ ದೊರೆಯಬೇಕು. ಹಾಲನ್ನು ಬಿಟ್ಟ ಸ್ತ್ರೀಯು ಬಿ-೧೨ ಪರೀಕ್ಷೆ ಮಾಡಿಸಿಕೊಂಡು, ಕೊರತೆಯಿದ್ದರೆ ವೈದ್ಯರ ಸಲಹೆಯಂತೆ ಮಾತ್ರೆಯನ್ನು ಸೇವಿಸಲೇಬೇಕು. ಫೋಲಿಕ್ ಆಮ್ಲವೊಂದನ್ನೇ ತೆಗೆದುಕೊಂಡರೆ ಬಿ-೧೨ರ ಕೊರತೆ ನೀಗುವುದಿಲ್ಲ.

ಎರಡನೆಯದು ಉಪ್ಪು. ಶಿಶುವಿನ ಮೆದುಳಿನ ಬೆಳವಣಿಗೆಗೆ ಅಯೋಡಿನ್ ಬೇಕು. ಗರ್ಭಿಣಿಗೆ ದಿನಕ್ಕೆ ೨೫೦ ಮೈಕ್ರೋಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮಗೆ ಅದು ಹೆಚ್ಚಾಗಿ ಅಯೋಡಿನ್ ಬೆರೆಸಿದ ಉಪ್ಪಿನಿಂದ ಬರುತ್ತದೆ. ವ್ರತದ ದಿನ ಸೈಂಧವ ಲವಣವನ್ನು ಬಳಸುವವರು ಅದನ್ನು ಆ ದಿನಕ್ಕೆ ಮಾತ್ರ ಇರಿಸಿಕೊಂಡು, ಉಳಿದ ದಿನಗಳಲ್ಲಿ ಅಯೋಡಿನ್ ಉಪ್ಪನ್ನೇ ಬಳಸಬೇಕು.

ಆಚಾರವು ಕೊಡುವ ರಕ್ಷಣೆ

ನಮ್ಮ ಆಚಾರಗಳಲ್ಲಿ ಗರ್ಭಿಣಿಯನ್ನು ಕಾಪಾಡುವಂಥವು ಅನೇಕವಿವೆ. ಅವುಗಳನ್ನು ಈ ಕಾಲದಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿ ನಡೆಸಬೇಕು. ಸೋಸಿದ ನೀರಿಗೆ ಒಂದು ಮುಹೂರ್ತದ ಮರ್ಯಾದೆ, ಚೆನ್ನಾಗಿ ಕುದಿಸಿದ ನೀರಿಗೆ ೨೪ ಗಂಟೆಗಳ ಮರ್ಯಾದೆ. ಬಟ್ಟೆಯಲ್ಲಿ ಸೋಸುವುದರಿಂದ ರೋಗಾಣುಗಳೆಲ್ಲ ಹೋಗುವುದಿಲ್ಲ, ಕುದಿಸಿದರೆ ಸಾಯುತ್ತವೆ. ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್-ಇ ಎಂಬ ಕಾಮಾಲೆಯು ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಪ್ರಾಣಾಪಾಯಕರ. ಆದುದರಿಂದ ಅವಳಿಗೆ ಯಾವಾಗಲೂ ಕುದಿಸಿದ ಪ್ರಾಸುಕ ನೀರೇ ಇರಲಿ. ಕರೆದ ಹಾಲನ್ನು ಒಂದು ಮುಹೂರ್ತದೊಳಗೆ ಕಾಯಿಸುವ ನಿಯಮವು ಹಸಿಹಾಲಿನಿಂದ ಬರುವ ಬ್ರುಸೆಲ್ಲೋಸಿಸ್ ಮುಂತಾದ ರೋಗಗಳನ್ನು ತಡೆಯುತ್ತದೆ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನವೆಂಬ ಮರ್ಯಾದೆ, ಹಳಸಿದ ಅಡುಗೆಯ ವರ್ಜನೆ, ಹಣ್ಣು ತರಕಾರಿಗಳನ್ನು ತೊಳೆದು ಶೋಧಿಸುವ ಪದ್ಧತಿ ಇವೆಲ್ಲವೂ ಹಿತಕರ.

ಔಷಧ ಮತ್ತು ಶುದ್ಧಿ

ಕೆಲವು ಸಹೋದರಿಯರು ಮಾತ್ರೆಯಲ್ಲಿ ಅಭಕ್ಷ್ಯವಿರಬಹುದೆಂದು ಶಂಕಿಸಿ ಔಷಧವನ್ನೇ ಬಿಟ್ಟುಬಿಡುತ್ತಾರೆ. ಶಂಕೆ ಸಹಜ, ಪರಿಹಾರವೂ ಇದೆ. ಅನೇಕ ಕ್ಯಾಪ್ಸೂಲುಗಳ ಕವಚವನ್ನು ಪ್ರಾಣಿಗಳ ಎಲುಬು ಚರ್ಮಗಳಿಂದ ತೆಗೆದ ಜೆಲಟಿನ್‌ನಿಂದ ಮಾಡುತ್ತಾರೆ. ಆದರೆ ಫೋಲಿಕ್ ಆಮ್ಲವೂ ಕಬ್ಬಿಣವೂ ಮಾತ್ರೆಯ ರೂಪದಲ್ಲಿ ದೊರೆಯುತ್ತವೆ. ಸಸ್ಯಮೂಲದ ಕವಚದ ಕ್ಯಾಪ್ಸೂಲುಗಳೂ ಇವೆ. ವೈದ್ಯರಿಗೆ ನಮ್ಮ ನಿಯಮವನ್ನು ಸಂಕೋಚವಿಲ್ಲದೆ ತಿಳಿಸಿ, ತಕ್ಕುದನ್ನು ಬರೆಸಿಕೊಳ್ಳಬೇಕು. ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯವು ವೈದ್ಯವಿಷಯಕವಾದುದು. ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದರು. ಚಿಕಿತ್ಸೆಯು ಧರ್ಮಕ್ಕೆ ಹೊರತಾದುದಲ್ಲ.

ಥೈರಾಯ್ಡ್, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂರ್ಛೆರೋಗಗಳ ಔಷಧವನ್ನು ವ್ರತದ ಕಾರಣದಿಂದ ಒಂದು ದಿನವೂ ತಾನಾಗಿ ನಿಲ್ಲಿಸಬಾರದು. ಗರ್ಭ ತಿಳಿದ ಕೂಡಲೇ ಈ ಔಷಧಗಳ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇಕಡಾ ೫೨ ಮಂದಿಗೆ ರಕ್ತಹೀನತೆಯಿತ್ತು. ಆದುದರಿಂದ ಮೊದಲ ಹನ್ನೆರಡು ವಾರಗಳೊಳಗೆ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ತಾಯಿ ಕಾರ್ಡನ್ನು ಪಡೆದು, ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್, ಮೂತ್ರ ಇವುಗಳ ಪರೀಕ್ಷೆ ಮಾಡಿಸಬೇಕು. ಹಿಮೋಗ್ಲೋಬಿನ್ ೧೧ ಗ್ರಾಮಿಗಿಂತ ಕಡಮೆಯಿದ್ದರೆ ರಕ್ತಹೀನತೆಯೆಂದು ಎಣಿಸುತ್ತಾರೆ. ನಾಲ್ಕನೆಯ ತಿಂಗಳಿನಿಂದ ೧೮೦ ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೂಡಿದ ಮಾತ್ರೆಯನ್ನು ಸರ್ಕಾರವು ಉಚಿತವಾಗಿ ಕೊಡುತ್ತದೆ. ಕಬ್ಬಿಣದ ಮಾತ್ರೆಯ ಜೊತೆಗೆ ಚಹಾ ಕಾಫಿ ಕುಡಿಯಬಾರದು. ನಿಂಬೆ, ನೆಲ್ಲಿ ಒಳ್ಳೆಯವು.

ಹಿಡಿದ ನೋಂಪಿಯ ಗತಿಯೇನು?

ದಶಲಕ್ಷಣ ನೋಂಪಿಗೆ ಹತ್ತು ವರ್ಷ, ಅನಂತ ನೋಂಪಿಗೆ ಹದಿನಾಲ್ಕು ವರ್ಷ, ಷೋಡಶಕಾರಣಕ್ಕೆ ಹದಿನಾರು ವರ್ಷ. ಇಷ್ಟು ದೀರ್ಘ ಕಾಲದಲ್ಲಿ ಗೃಹಿಣಿಗೆ ಒಂದೆರಡು ಬಾರಿಯಾದರೂ ಗರ್ಭಧಾರಣೆಯ ಸಂದರ್ಭ ಬರುವುದು ಸಹಜವೇ ಸರಿ. ವ್ರತವಿಧಿಯಲ್ಲಿ ಉತ್ತಮ, ಮಧ್ಯಮ, ಜಘನ್ಯ ಎಂಬ ಮೆಟ್ಟಿಲುಗಳಿವೆ. ದಶಲಕ್ಷಣದಲ್ಲಿ ಹತ್ತು ಉಪವಾಸ ಉತ್ತಮ, ಹತ್ತು ಏಕಾಶನ ಜಘನ್ಯ. ಶಕ್ತಿಯನ್ನು ಅನುಸರಿಸಿ ವಿಧಿಯೇ ಬಾಗುತ್ತದೆ ಎಂಬುದಕ್ಕೆ ಇದೇ ಪ್ರಮಾಣ. ಏಕಾಶನವೂ ಆಗದ ಗರ್ಭಿಣಿಯು ವ್ರತ ಕೊಟ್ಟ ಮುನಿಗಳಲ್ಲಿ, ಆರ್ಯಿಕೆಯರಲ್ಲಿ ಇಲ್ಲವೆ ಭಟ್ಟಾರಕರಲ್ಲಿ ತನ್ನ ಸ್ಥಿತಿಯನ್ನು ನಿವೇದಿಸಿ, ಆ ವರ್ಷದ ಉಪವಾಸವನ್ನು ಮುಂದೂಡುವುದಕ್ಕೋ ಬೇರೆ ರೂಪದಲ್ಲಿ ನಡೆಸುವುದಕ್ಕೋ ಅನುಮತಿಯನ್ನು ಬೇಡಬೇಕು. ಗುರುಗಳು ಹೇಳಿದಂತೆ ನಡೆದು, ಶಕ್ತಿ ಬಂದ ಮೇಲೆ ವ್ರತವನ್ನು ಪೂರೈಸಿ ಉದ್ಯಾಪನೆ ಮಾಡಬಹುದು.

ತಪಸ್ಸು ಹನ್ನೆರಡು ವಿಧ. ಬಾಹ್ಯ ತಪಗಳಲ್ಲಿ ಅನಶನ, ಅವಮೌದರ್ಯ, ಕಾಯಕ್ಲೇಶಗಳು ಈಗ ಅವಳಿಗೆ ತಕ್ಕುವಲ್ಲ. ಬರಿಹೊಟ್ಟೆಯಲ್ಲಿ ೨೭ ಕಿಲೋಮೀಟರು ನಡೆಯುವ ಶಿಖರಜಿಯ ವಂದನೆಯನ್ನೂ ಮುಂದಕ್ಕೆ ಇಡಬೇಕು. ನಿತ್ಯದ ಲಘು ನಡಿಗೆ, ಬಸದಿಯ ದರ್ಶನಕ್ಕೆ ಅಡ್ಡಿಯಿಲ್ಲ. ಆದರೆ ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಆರು ಅಂತರಂಗ ತಪಗಳಲ್ಲಿ ಯಾವುದಕ್ಕೂ ಹಸಿದ ಹೊಟ್ಟೆ ಬೇಕಿಲ್ಲ. ಹತ್ತು ದಿನ ಹತ್ತು ಧರ್ಮಗಳ ಸ್ವಾಧ್ಯಾಯ, ಆರಾಮವಾಗಿ ಕುಳಿತು ಸಾಮಾಯಿಕ, ಕರಿದ ತಿಂಡಿ ಸಿಹಿತಿಂಡಿಗಳ ತ್ಯಾಗ, ಕಠೋರ ಮಾತಿನ ತ್ಯಾಗ, ಆಹಾರ ಔಷಧ ಶಾಸ್ತ್ರ ಅಭಯ ಎಂಬ ಚತುರ್ವಿಧ ದಾನ ಇವುಗಳನ್ನು ಅವಳು ಸಂಕಲ್ಪಿಸಲಿ. ತನ್ನ ಉದರದ ಜೀವವನ್ನು ಕಾಪಾಡುವುದು ಅವಳ ಅಭಯದಾನವೇ ಆಗಿದೆ.

ತಡಮಾಡಬಾರದ ಲಕ್ಷಣಗಳು

ರಕ್ತಸ್ರಾವ; ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು; ಹೆಗಲ ತುದಿಯ ನೋವು ಅಥವಾ ಮೂರ್ಛೆ; ಒಂದು ಹಗಲು ರಾತ್ರಿ ನೀರೂ ಉಳಿಯದ ವಾಂತಿ; ಮೂತ್ರ ಕಡಮೆಯಾಗಿ ಕಡುಬಣ್ಣವಾಗುವುದು; ಜ್ವರ; ಉರಿಮೂತ್ರ. ಇವುಗಳಲ್ಲಿ ಯಾವುದೇ ಕಂಡರೂ ಪರ್ವದಿನವೆಂದಾಗಲಿ, ರಾತ್ರಿಯೆಂದಾಗಲಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗರ್ಭಕೋಶದ ಹೊರಗೆ ಗರ್ಭ ನಿಂತಿದ್ದರೆ ಕೆಲವು ಗಂಟೆಗಳಲ್ಲಿಯೇ ಪ್ರಾಣಾಪಾಯ ಉಂಟಾಗಬಹುದು.

ಎಷ್ಟೇ ಎಚ್ಚರದಿಂದಿದ್ದರೂ ಖಚಿತವಾದ ಗರ್ಭಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ನಿಲ್ಲದೆ ಹೋಗುತ್ತವೆ. ಮೊದಲ ತಿಂಗಳುಗಳಲ್ಲಿ ಹೀಗಾಗುವವುಗಳಲ್ಲಿ ಸುಮಾರು ಅರ್ಧಕ್ಕೆ ಶಿಶುವಿನ ವರ್ಣತಂತುಗಳ ದೋಷ ಕಾರಣ. ಅದು ತಾಯಿಯ ತಪ್ಪಲ್ಲ. ‘ನೋಂಪಿ ಕೆಡಿಸಿದಳು, ಅದಕ್ಕೆ ಹೀಗಾಯಿತು’ ಎಂದು ಅವಳ ಮುಂದೆಯಾಗಲಿ ಹಿಂದೆಯಾಗಲಿ ಯಾರೂ ಆಡಬಾರದು. ಜಿನಧರ್ಮದಲ್ಲಿ ವ್ರತವು ಕೋಪಿಸಿಕೊಂಡು ಶಿಕ್ಷಿಸುವ ದೇವತೆಯಲ್ಲ. ದುಃಖದಲ್ಲಿರುವವಳಿಗೆ ಇಂತಹ ಮಾತನ್ನಾಡುವುದು ವಾಕ್ಕಿನಿಂದ ಮಾಡಿದ ಹಿಂಸೆ.

ಮನೆಯವರ ವೈಯಾವೃತ್ತ್ಯ

ಷೋಡಶ ಭಾವನೆಗಳಲ್ಲಿ ಒಂಬತ್ತನೆಯದು ವೈಯಾವೃತ್ತ್ಯಕರಣ. ಅದು ಮುಖ್ಯವಾಗಿ ಗುಣವಂತರಾದ ಸಾಧುಗಳ ಸೇವೆಗೆ ಸಂಬಂಧಿಸಿದ್ದು. ಆದರೆ ಅದೇ ಸೇವಾಭಾವವನ್ನು ಮನೆಯಲ್ಲಿಯೂ ಬೆಳೆಸಬಹುದು. ಅತ್ತೆಯಂದಿರು ಪರ್ವಕ್ಕೆ ಒಂದು ವಾರ ಮುಂಚೆ ಸೊಸೆಯನ್ನು ಏಕಾಂತದಲ್ಲಿ ಕರೆದು, ‘ಮಗಳೇ, ದಿನ ತಪ್ಪಿದ್ದರೆ ನನಗೆ ಹೇಳು, ಈ ಸಲ ಉಪವಾಸ ಬೇಡ’ ಎಂದು ತಾವಾಗಿ ಹೇಳಿದರೆ ಎಷ್ಟೋ ಕಷ್ಟ ತಪ್ಪುತ್ತದೆ. ಸುದ್ದಿಯನ್ನು ಊರಿಗೆ ಹೇಳುವುದು ಮೂರು ತಿಂಗಳ ಮೇಲೆ ಆಗಲಿ. ಮನೆಯ ಹಿರಿಯ ಹೆಂಗಸಿಗೆ, ಪತಿಗೆ ಮತ್ತು ವೈದ್ಯರಿಗೆ ಮೊದಲ ವಾರವೇ ತಿಳಿದಿರಲಿ. ಪತಿಯು ಪರೀಕ್ಷೆಗೆ ಜೊತೆಯಲ್ಲಿ ಹೋಗಲಿ. ಮನೆಯಲ್ಲಿ ಬೀಡಿ, ಸಿಗರೇಟು, ಹೊಗೆಸೊಪ್ಪು ಸುಳಿಯದಿರಲಿ. ಎಲ್ಲರೂ ಉಪವಾಸವಿರುವ ದಿನ ಅವಳಿಗೆಂದು ಒಲೆ ಹಚ್ಚಿ ಗಂಜಿ ಕಾಯಿಸಿ ಕೊಟ್ಟ ಅತ್ತೆಯ ಉಪವಾಸಕ್ಕೆ ಭಂಗವಿಲ್ಲ. ಅದರ ಶೋಭೆ ಹೆಚ್ಚುತ್ತದೆ.

ನಮ್ಮ ಕಲ್ಪನೆಯ ಆ ಸೊಸೆಯು ಮುಂದಿನ ಭಾದ್ರಪದದಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಸದಿಯಲ್ಲಿ ಕುಳಿತು ಉತ್ತಮ ಕ್ಷಮೆಯ ವ್ಯಾಖ್ಯಾನವನ್ನು ಕೇಳುವಂತಾಗಲಿ. ಎದೆಹಾಲುಣಿಸುವ ಕಾಲವೂ ಕಳೆದು ಶಕ್ತಿ ಮರಳಿದ ಮೇಲೆ ಅವಳ ನೋಂಪಿ ಮುಂದುವರಿಯಲಿ. ಶಕ್ತಿತಸ್ತಪದ ಅರ್ಥ ಇದೇ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

೧. ‘ಶಕ್ತಿತಃ’ ಎಂಬ ಪದವು ಯಾವ ಎರಡು ದೋಷಗಳನ್ನು ನಿವಾರಿಸುತ್ತದೆ?
೨. ಫೋಲಿಕ್ ಆಮ್ಲವನ್ನು ಗರ್ಭ ತಿಳಿಯುವ ಮೊದಲೇ ಆರಂಭಿಸಬೇಕು, ಏಕೆ?
೩. ಚಾತುರ್ಮಾಸ್ಯದಲ್ಲಿ ಸೊಪ್ಪನ್ನು ಬಿಟ್ಟವರು ಅದಕ್ಕೆ ಬದಲಾಗಿ ಯಾವ ಯಾವ ಪದಾರ್ಥಗಳನ್ನು ಬಳಸಬೇಕು?
೪. ಗರ್ಭವತಿಯು ಪರ್ವದಿನಗಳಲ್ಲಿ ಆಚರಿಸಬಹುದಾದ ತಪಗಳನ್ನು ಹೆಸರಿಸಿರಿ.
೫. ನಮ್ಮ ಮನೆಯಲ್ಲಿ ಹೊಸ ಸೊಸೆಯು ತನ್ನ ಸ್ಥಿತಿಯನ್ನು ನಿರ್ಭಯವಾಗಿ ಹೇಳುವಂತಹ ವಾತಾವರಣವಿದೆಯೆ? ಇಲ್ಲದಿದ್ದರೆ ಏನು ಮಾಡಬೇಕು?